ಮನೆ ಮಾರಾಟಕ್ಕಿದೆ, ಬ್ರೋಕರ್‌ಗಳು ಬರಬಾರದು

ಈವತ್ತು ಬೆಳಗ್ಗೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಫೋನ್ ಬಂತು. ಗುರುತಿಲ್ಲದ ನಂಬರು. ಸಾಲ ಬೇಕಾ, ಸೈಟು ಬೇಕಾ ಎಂದು ಪೀಡಿಸುವವರೇ ಜಾಸ್ತಿ, ಎತ್ತಬಾರದು. ಆದರೆ ಒಬ್ಬರೇ ಇರುವವರ ಹಣೆಬರಹ ನೋಡಿ, ಫೋನ್ ಬಡಿದುಕೊಂಡರೆ ಸಾಕು, ಕೈ ತಾನಾಗಿ ಹೋಗುತ್ತದೆ.

"ಅಮ್ಮಾ, ದುರ್ಗದಾಗೆ ನಿಮ್ದೊಂದು ಮನೆ ಮಾರಾಟಕ್ಕೈತಂತಲ್ಲ, ಇನ್ನೂ ಐತಾ?" ಎಂದಿತು ಒಂದು ಗಂಡಸಿನ ದನಿ.

"ಅದನ್ನ ಮಾರಿ ಎರಡು ವರ್ಷ ಆಯ್ತಪ್ಪ" ಎಂದೆ.

"ಹೌದಾ, ಸರಿ ಬಿಡ್ರಿ" ಎಂದವನೇ ಇಟ್ಟುಬಿಟ್ಟ. ಇನ್ನೆರಡು ಮಾತಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತೋ! ಯಾರ ಚೀಟಿಯಲ್ಲಿ, ಯಾವ ಕ್ಯಾಲೆಂಡರಿನ ಹಿಂದೆ ನನ್ನ ನಂಬರು ಉಳಿದುಕೊಂಡಿತ್ತೋ ಗೊತ್ತಿಲ್ಲ. ಸೊಪ್ಪು ಕೈಯಲ್ಲೇ ಉಳಿಯಿತು. ಆ ಮನೆಯ ಸುದ್ದಿಯನ್ನು ಈಗ ಯಾರಿಗಾದರೂ ಹೇಳದಿದ್ದರೆ ರಾತ್ರಿ ಊಟ ಸೇರುವುದಿಲ್ಲ. ಸಿಕ್ಕಿಬಿದ್ದವರು ನೀವು, ಕೂತುಕೊಳ್ಳಿ.

ನಾನು ಚಿತ್ರದುರ್ಗದಲ್ಲಿ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಆಯುಷ್ಯ ಸವೆಸಿದವಳು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಬೇಡಿ, ಕೇಳುವವರೆಲ್ಲ ಕೇಳಿ ಸುಸ್ತಾಗಿದ್ದಾರೆ. ನನ್ನ ಅಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ನಮ್ಮೂರು ಬಾಗೂರಿನಿಂದ ಒಂದು ಟ್ರಂಕು ಹಿಡಿದು ನನ್ನ ಬಾಡಿಗೆ ಕೋಣೆಗೆ ಬಂದಳು. "ನಾಕು ದಿನ ಇದ್ದು ಹೋಗ್ತೀನಿ ಕಣೇ" ಎಂದಿದ್ದಳು. ಮೂವತ್ತೊಂದು ವರ್ಷ ಇದ್ದಳು. ನಾನು ದುಡಿದೆ, ಅವಳು ಬೇಯಿಸಿದಳು. ನಾನು ಜನರೊಂದಿಗೆ ಜಗಳವಾಡಿ ಬಂದೆ, ಅವಳು ನನ್ನ ಪರವಾಗಿ ಅವರನ್ನೆಲ್ಲ ಬೈದಳು. ಹೀಗೆ ಸಂಸಾರ ನಡೆಯಿತು.

ಮನೆ ಕಟ್ಟಿಸಿದ್ದೂ ಅವಳೇ ಎನ್ನಬೇಕು. ಸಾಲದ ಕಾಗದಕ್ಕೆ ಸಹಿ ಹಾಕಿದ್ದಷ್ಟೇ ನಾನು. ಗೋಡೆಗೆ ನೀರು ಹೊಡೆದವಳು ಅವಳು. ಗಾರೆ ಕೆಲಸದವನ ಎದುರು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ನಾ ಕುಳ್ಳಿ ಅದೀನಿ, ಕಪಾಟು ನನ್ನ ಕೈಗೆ ಸಿಗಂಗೆ ಮಾಡು, ಆ ಇಂಜಿನಿಯರ್ ಹೇಳಿದ್ದು ಬ್ಯಾಡ" ಎಂದು ಅಡುಗೆಮನೆಯ ಅಳತೆಯನ್ನೇ ಬದಲಿಸಿದಳು. ನನಗೆ ಆ ಕಪಾಟಿನ ಮೂಲೆ ಎಷ್ಟು ಸಲ ಹಣೆಗೆ ಬಡಿದಿದೆಯೋ ಲೆಕ್ಕವಿಲ್ಲ. ಬಡಿದಾಗಲೆಲ್ಲ ಅವಳು ನಗುತ್ತಿದ್ದಳು.

ಒಂದು ಶ್ರಾವಣದ ಮಧ್ಯಾಹ್ನ ಊಟ ಮಾಡಿ, ಅಡುಗೆಮನೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಮಲಗಿದಳು. ನಾಲ್ಕು ಗಂಟೆಗೆ ಕಾಫಿ ಹಿಡಿದು ಎಬ್ಬಿಸಲು ಹೋದೆ. ಏಳಲಿಲ್ಲ. ಬಾಗೂರಿನಲ್ಲಿ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು.

ಆಮೇಲೆ ಆ ಮನೆಯಲ್ಲಿ ಇರಲಾಗಲಿಲ್ಲ. ಎರಡೇ ಮಾತು: ಆಗಲಿಲ್ಲ, ಅಷ್ಟೆ. ನನ್ನ ಪಕ್ಕದ ಕೌಂಟರಿನಲ್ಲಿ ಕೂತು ನಿವೃತ್ತಳಾದ ಗೆಳತಿ ರತ್ನಮ್ಮ ಹಿರಿಯೂರಿನಲ್ಲಿದ್ದಳು. ಅವಳ ಪಕ್ಕದ ಪುಟ್ಟ ಮನೆ ಮಾರಾಟಕ್ಕಿತ್ತು. "ಯುಗಾದಿ ತನಕ ಕಾಯ್ತಾರಂತೆ ಕಣೇ. ಅಷ್ಟರಾಗೆ ದುರ್ಗದ ಮನೆ ಮಾರಿ ಬಂದ್ಬಿಡು. ನೀ ಆ ಕಡೆಯಿಂದ ಗೋಡೆ ತಟ್ಟಿದ್ರೆ ನಾ ಈ ಕಡೆಯಿಂದ ಓಗೊಡ್ತೀನಿ" ಎಂದಳು. ಯುಗಾದಿಯೊಳಗೆ ಮಾರಿದರೆ ಮಾತಾಡಲು ಒಬ್ಬಳು ಸಿಗುತ್ತಾಳೆ, ಇಲ್ಲದಿದ್ದರೆ ಕೊನೆತನಕ ಈ ಗೋಡೆಗಳೇ ಗತಿ. ನನ್ನ ಪಾಲಿಗೆ ವಿಷಯ ಇಷ್ಟೇ ಇತ್ತು.

ನಮ್ಮ ಬೀದಿಯ ತುದಿಯಲ್ಲಿ ತಿಪ್ಪೇಸ್ವಾಮಿ ಎಂಬುವನು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಮನೆ, ಸೈಟುಗಳ ಬ್ರೋಕರ್ ಕೆಲಸವನ್ನೂ ಮಾಡುತ್ತಿದ್ದ. ಸುದ್ದಿ ಕಿವಿಗೆ ಬಿದ್ದ ದಿನವೇ ಬಂದ. "ಎರಡು ಪರ್ಸೆಂಟ್ ಕೊಡ್ರಿ ಮೇಡಂ, ನಿಮಗ್ಯಾವ ತಲೆನೋವೂ ಇರಂಗಿಲ್ಲ" ಎಂದ.

"ಬಾಗಿಲು ತೆಗೆದು ತೋರಿಸೋಕೆ ಎರಡು ಪರ್ಸೆಂಟಾ? ನನಗೇನು ಕೈ ಇಲ್ವಾ?" ಎಂದು ಹೊರಗಿಂದಲೇ ಸಾಗಹಾಕಿದೆ. ಅದೇ ವಾರ ತಗಡಿನ ಬೋರ್ಡು ಬರೆಸಿ ಗೇಟಿಗೆ ಕಟ್ಟಿದೆ. ಬರೆಯುವವನು "'ಬ್ರೋಕರ್‌ಗಳು ಕ್ಷಮಿಸಿ' ಅಂತ ಬರಿಯಾದು ವಾಡಿಕೆ ಕಣಮ್ಮ" ಎಂದ. ನಾನ್ಯಾಕೆ ಕ್ಷಮೆ ಕೇಳಲಿ? 'ಬರಬಾರದು' ಎಂದೇ ಬರೆಸಿದೆ. ತಿಪ್ಪೇಸ್ವಾಮಿ ದಿನಾ ಬೆಳಗ್ಗೆ ಆ ಬೋರ್ಡು ಓದಿಕೊಂಡು, ನನಗೊಂದು ನಮಸ್ಕಾರ ಹಾಕಿ ಹೋಗುತ್ತಿದ್ದ. ಮೈ ಉರಿಯುತ್ತಿತ್ತು.

ಜನ ಬರತೊಡಗಿದರು. ನಿಜ ಹೇಳಲಾ? ನನಗೆ ಹಬ್ಬವಾಯಿತು. ಅಕ್ಕನ ಶಿವಗಣಾರಾಧನೆ ಮುಗಿದ ಮೇಲೆ ಒಬ್ಬ ನರಪಿಳ್ಳೆಯೂ ಹೊಸ್ತಿಲು ದಾಟಿರಲಿಲ್ಲ. ಈಗ ಭಾನುವಾರ ಬಂತೆಂದರೆ ಅಂಗಳ ಸಾರಿಸಿ, ರಂಗೋಲಿ ಹಾಕಿ, ಮಂಡಕ್ಕಿ ಒಗ್ಗರಣೆ ಮಾಡಿ ಕಾಯುತ್ತಿದ್ದೆ. ಬಂದವರನ್ನು "ಕುಂತ್ಕಳ್ರಿ, ಟೀ ಕುಡೀರಿ" ಎಂದು ಹಿಡಿದು ಕೂರಿಸುತ್ತಿದ್ದೆ. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇಷ್ಟು ಚೆನ್ನಾಗೈತೆ, ಯಾಕೆ ಮಾರ್ತೀರಿ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ. ಅವರನ್ನು ನೇರ ಆ ಸಣ್ಣ ಕೋಣೆಗೆ ಕರೆದೊಯ್ಯುತ್ತಿದ್ದೆ. "ಇದೇ ರೂಮು ನೋಡ್ರಿ. ನಮ್ಮಕ್ಕ ಉಂಡು ಮಲಗಿದೋಳು ನಿದ್ದೇಲೇ ಹೋದ್ಲು. ಒಂದು ನರಳಾಟ ಇಲ್ಲ, ಆಸ್ಪತ್ರೆ ಇಲ್ಲ. ಅಂಥಾ ಮನೆ ಇದು!"

ನಗಬೇಡಿ. ಬೋರಿನ ನೀರು ಸಿಹಿ, ಗಾಳಿ ಬೆಳಕು ಚೆನ್ನ ಎನ್ನುವ ಹಾಗೆ, ನೆಮ್ಮದಿಯ ಸಾವೂ ಆ ಮನೆಯ ಒಂದು ಅನುಕೂಲವೆಂದೇ ನಾನು ತಿಳಿದಿದ್ದೆ.

ಹೊಳಲ್ಕೆರೆಯಿಂದ ಗಂಡ, ಹೆಂಡತಿ, ಅತ್ತೆ ಬಂದಿದ್ದರು. ಹೆಂಡತಿಗೆ ಮನೆ ಬಹಳ ಹಿಡಿಸಿತ್ತು. ನನ್ನ ಮಾತು ಕೇಳಿ ಅತ್ತೆ ಟೀ ಲೋಟ ಕೆಳಗಿಳಿಸಿ, "ಯಾವ ನಕ್ಷತ್ರದಾಗೆ ಹೋದ್ರು?" ಎಂದರು. ಕೆಲವು ನಕ್ಷತ್ರಗಳಲ್ಲಿ ಜೀವ ಹೋದರೆ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕುತ್ತಾರಲ್ಲ, ಅದಕ್ಕೆ. "ನಮ್ಮಲ್ಲಿ ಅದನ್ನೆಲ್ಲ ನೋಡಲ್ಲ ಕಣ್ರಿ. ಆವತ್ತೂ ನಾನು ಇಲ್ಲೇ ಮಲಗಿದೆ, ಇವತ್ತೂ ಇಲ್ಲೇ ಮಲಗ್ತೀನಿ" ಎಂದೆ ಹೆಮ್ಮೆಯಿಂದ. ಅರ್ಧ ಲೋಟ ಟೀ ಕಿಟಕಿಯ ಮೇಲೆ ಉಳಿಯಿತು. "ಫೋನ್ ಮಾಡ್ತೀವಿ" ಎಂದು ಹೋದವರು ಮಾಡಲಿಲ್ಲ.

ಹೊಸದುರ್ಗದ ಒಬ್ಬ ಕಾಲೇಜು ಮೇಷ್ಟ್ರು ಮಾತ್ರ ಸಾವಿಗೆಲ್ಲ ಹೆದರುವವರಲ್ಲ. ರೇಟೂ ಹೆಚ್ಚುಕಡಿಮೆ ಕುದುರಿತ್ತು. ಹೊರಡುವಾಗ, "ಈ ಸಣ್ಣ ರೂಮಿನ ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡ್ಕಂತೀನಿ" ಎಂದರು.

"ಆ ಗೋಡೆ ಮುಟ್ಟಂಗಿಲ್ಲ."

"ಅಲ್ರಿ, ನಾನು ಕೊಂಡ ಮೇಲೂನಾ?"

"ಕೊಂಡ ಮೇಲೂ."

ಮೇಷ್ಟ್ರು "ಮೇಡಂ, ನೀವು ಇನ್ನೊಂದಿಷ್ಟು ದಿನ ಇಲ್ಲೇ ಇರ್ರಿ" ಎಂದು ಚಪ್ಪಲಿ ಮೆಟ್ಟಿದರು.

ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ರತ್ನಮ್ಮ ಫೋನ್ ಮಾಡಿ, "ಬೇರೆ ಯಾರೋ ಬಂದು ಮನೆ ನೋಡ್ಕಂಡು ಹೋದ್ರು ಕಣೇ. ನಾ ಎಷ್ಟು ದಿನ ಅಂತ ತಡೀಲಿ?" ಎಂದಳು. ಆವತ್ತು ಮಧ್ಯಾಹ್ನ ಮುದ್ದೆ ಕಟ್ಟಿ ತಟ್ಟೆಗಿಟ್ಟು ನೋಡುತ್ತೇನೆ, ಎರಡು ತಟ್ಟೆ ಹಾಕಿದ್ದೇನೆ. ಒಂದು ದಿನದ ಮರೆವಲ್ಲ ಅದು, ಆರೇಳು ತಿಂಗಳಿಂದ ಹಾಗೇ ನಡೆದಿತ್ತು. ತಟ್ಟೆಯ ಮುಂದೆ ಕೂತು ಗಟ್ಟಿಯಾಗಿ ಅತ್ತೆ. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಮರ್ಯಾದೆಯ ಪ್ರಶ್ನೆ ಬರಲಿಲ್ಲ. ಮುಖ ತೊಳೆದುಕೊಂಡು ತಿಪ್ಪೇಸ್ವಾಮಿಯ ಅಂಗಡಿಗೆ ಹೋದೆ.

ಅವನು ಆಡಿಕೊಳ್ಳಲಿಲ್ಲ. ಸ್ಟೂಲು ಕೊಟ್ಟು ಕೂರಿಸಿದ. ಆಮೇಲೆ ಮೆಲ್ಲಗೆ ಹೇಳಿದ: "ಬ್ಯಾಸರ ಮಾಡ್ಕಬ್ಯಾಡ್ರಿ ಮೇಡಂ. ಬಂದೋರಿಗೆ ನೀವು ಮನೆ ತೋರಿಸ್ತಿಲ್ಲ, ನಿಮ್ಮಕ್ಕನ್ನ ತೋರಿಸ್ತಿದೀರಿ. ಅವರನ್ನ ಯಾರು ಕೊಂಡ್ಕಂತಾರೆ ಹೇಳ್ರಿ?"

ಕಪಾಳಕ್ಕೆ ಹೊಡೆದಂತಾಯಿತು. ಅವನು ಎರಡೇ ಷರತ್ತು ಹಾಕಿದ. ಮನೆ ತೋರಿಸುವಾಗ ನಾನು ಅಲ್ಲಿ ಇರಬಾರದು. ತೀರಿಹೋದವರ ಸುದ್ದಿ ಎತ್ತಬಾರದು.

"ಯಾಕೆ ಮಾರ್ತೀರಿ ಅಂತ ಕೇಳಿದ್ರೆ?"

"ಮಂಡಿನೋವು, ಮೆಟ್ಲು ಹತ್ತಕಾಗಲ್ಲ ಅನ್ರಿ. ಅದೇನು ಸುಳ್ಳಲ್ವಲ್ಲ."

ಸುಳ್ಳಲ್ಲ, ಮಂಡಿ ನೋಯುತ್ತಲೇ ಇತ್ತು.

ಅವನು ಗಿರಾಕಿ ಕರೆತಂದ ದಿನ ನಾನು ಚಂದ್ರವಳ್ಳಿಗೆ ಹೋಗಿ ಕೆರೆಯ ದಡದಲ್ಲಿ ಕೂತೆ. ಕಾಲೇಜು ಹುಡುಗ ಹುಡುಗಿಯರು ಬಂಡೆಗಳ ಮರೆಯಲ್ಲಿ ಪಿಸುಗುಡುತ್ತಿದ್ದರು. ನನ್ನಂಥ ಮುದುಕಿಯನ್ನು ನೋಡಿ ಸ್ವಲ್ಪ ದೂರ ಸರಿದರು. ಈಗ ಯಾರೋ ಅಕ್ಕನ ಕೋಣೆಯ ದೀಪ ಹಾಕುತ್ತಿರಬಹುದು, ಈಗ ಅವಳ ಕಪಾಟು ತೆಗೆಯುತ್ತಿರಬಹುದು ಎಂದುಕೊಂಡು ಕೂತಿದ್ದೆ. ನಾನು ಬಂದು ಒಂದೂವರೆ ಗಂಟೆ ಆಗುವಷ್ಟರಲ್ಲೇ ತಿಪ್ಪೇಸ್ವಾಮಿಯ ಫೋನ್ ಬಂತು. "ಒಪ್ಕಂಡ್ರು ಮೇಡಂ."

"ಅಷ್ಟು ಬೇಗ? ಏನು ಹೇಳಿದ್ಯಪ್ಪ ಅವರಿಗೆ?"

"ಏನೂ ಹೇಳಿಲ್ಲ. ಬಾಗಿಲು ತೆಗೆದು ಸುಮ್ನೆ ಹಿಂದೆ ನಿಂತ್ಕಂಡೆ."

ಎರಡು ಪರ್ಸೆಂಟ್ ಯಾತಕ್ಕೆಂದು ಆಗ ತಿಳಿಯಿತು. ನನಗೆ ಬಾಗಿಲು ತೆಗೆಯಲು ಬರುತ್ತಿತ್ತು, ಸುಮ್ಮನೆ ನಿಲ್ಲಲು ಬರುತ್ತಿರಲಿಲ್ಲ.

ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೊಳ್ಳುವವನ ಹೆಂಡತಿ ನನ್ನ ಪಕ್ಕವೇ ಕೂತಳು. ಕುಳ್ಳಗೆ, ಲಕ್ಷಣವಾಗಿದ್ದಳು. ಕರೆಯುವುದು ತಡವಾಯಿತು. ಹೊತ್ತು ಹೋಗಲೆಂದು ಪ್ರೀತಿಯಿಂದಲೇ ಮಾತಿಗಿಳಿದಳು.

"ಅಮ್ಮಾ, ನಂಗೆ ಅಡುಗೆಮನೆ ಭಾಳ ಇಷ್ಟ ಆತು. ಎಲ್ಲಿ ಹೋದ್ರೂ ಕಪಾಟು ನಂಗೆ ಎಟುಕಂಗಿಲ್ಲ, ಇಲ್ಲಿ ಸರಿಯಾಗಿ ಕೈಗೆ ಬರ್ತೈತೆ. ಯಾರು ಹೇಳಿ ಮಾಡಿಸಿದ್ದು?"

ಎದುರಿಗೆ ತಿಪ್ಪೇಸ್ವಾಮಿ ಫೈಲು ಹಿಡಿದು ನಿಂತಿದ್ದ. ನನ್ನ ಮುಖ ನೋಡಿದ. ಇನ್ನೂ ಸಹಿ ಆಗಿರಲಿಲ್ಲ. ಯುಗಾದಿಗೆ ಒಂಬತ್ತು ದಿನವಿತ್ತು.

"ನಾನೇ" ಎಂದೆ.

"ಮನೇಲಿ ಇನ್ಯಾರಿದ್ರು?"

"ಯಾರೂ ಇಲ್ಲಮ್ಮ. ಮೊದಲಿಂದ್ಲೂ ನಾನೊಬ್ಬಳೇ."

ತಿಪ್ಪೇಸ್ವಾಮಿ ತಲೆ ತಗ್ಗಿಸಿದ. ಅಷ್ಟು ಹೇಳಿ ಎಂದು ಅವನು ನನಗೆ ಹೇಳಿರಲಿಲ್ಲ. ಅವನು ಹೇಳಿಕೊಟ್ಟಿದ್ದು ಮಂಡಿನೋವೊಂದನ್ನೇ. ಆಮೇಲೆ ಹೆಸರು ಕರೆದರು, ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು, ಎಲ್ಲ ಮುಗಿಯಿತು.

ಹಿರಿಯೂರಿಗೆ ಬಂದೆ. ರತ್ನಮ್ಮ ಮಾತಿಗೆ ತಪ್ಪಿಲ್ಲ, ಗೋಡೆ ತಟ್ಟಿದರೆ ಓಗೊಡುತ್ತಾಳೆ. ಒಂದೇ ತಟ್ಟೆ ಹಾಕುವುದನ್ನೂ ಕಲಿತಿದ್ದೇನೆ. ಆದರೆ ಈ ಎರಡು ವರ್ಷದಲ್ಲಿ ಒಮ್ಮೆಯೂ ಬಾಗೂರಿಗೆ ಹೋಗಿಲ್ಲ. ಬಿಸಿಲು ಎಂದೆ, ಬಸ್ಸು ಸರಿಯಿಲ್ಲ ಎಂದೆ, ಮಂಡಿನೋವು ಎಂದೆ. ಯಾವ ಮುಖ ಹೊತ್ತು ಅಕ್ಕನ ಸಮಾಧಿಯ ಮುಂದೆ ನಿಲ್ಲಲಿ? ಬೇಡವೆಂದರೂ ಕೇಳದೆ ಸಿಕ್ಕವರಿಗೆಲ್ಲ ಅವಳ ಸುದ್ದಿ ಹೇಳಿದವಳು ನಾನು. ಒಬ್ಬಳು ಆಸೆಯಿಂದ, ತಾನಾಗಿಯೇ ಕೇಳಿದಾಗ ಅಕ್ಕ ಇರಲೇ ಇಲ್ಲ ಎಂದುಬಿಟ್ಟೆ.

ಈವತ್ತು ಮಧ್ಯಾಹ್ನ ರತ್ನಮ್ಮನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ಬಾಗೂರಿಗೆ ಹೋಗಾಣ ನಡಿ" ಎಂದಳು.

"ನೀ ಬರಬ್ಯಾಡ, ನಾನೊಬ್ಬಳೇ ಹೋಗ್ತೀನಿ" ಎಂದೆ. ಅವಳು ಒತ್ತಾಯ ಮಾಡಲಿಲ್ಲ.

ಅಲ್ಲಿ ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ. ಅದಕ್ಕೆ ಮುಂಚೆ ನಿಮ್ಮೆದುರಿಗಾದರೂ ಸರಿಯಾಗಿ ಹೇಳಿಬಿಡುತ್ತೇನೆ. ಆ ಮನೆಯಲ್ಲಿ ನಾವು ಇಬ್ಬರಿದ್ದೆವು. ಅವಳ ಹೆಸರು ಹಾಲಮ್ಮ.