ಬೆಳಕೆ ಬೊಮ್ಮನ ಉಸಿರಿನ ಕೊಳವೆ

ಬೆಳಕೆ ಊರಿನ ಬೊಮ್ಮನಿಗೆ ಐವತ್ತಾರು ತುಂಬಿದೆ. ಆದರೂ ಸಮುದ್ರದ ಬಂಡೆಗೆ ಅಂಟಿದ ನೀಲಿಕಲ್ಲು ಎಂಬ ತಿನ್ನುವ ಚಿಪ್ಪು ಕೀಳಲು ಮುಳುಗುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಇದು ಊರಿನವರ ಅಭಿಪ್ರಾಯವಲ್ಲ, ಬೊಮ್ಮನದೇ. ಊರಿನವರು ಸುಮ್ಮನೆ ಒಪ್ಪಿಕೊಂಡಿದ್ದಾರೆ. ಒಪ್ಪದಿದ್ದರೆ ಅವನು ಚಾದಂಗಡಿ ಎದುರೇ ಮೂಗು ಹಿಡಿದು ನಿಂತುಬಿಡುತ್ತಾನೆ, ನಮ್ಮ ಚಾ ಆರಿ ತಣ್ಣಗಾದರೂ ಬಿಡುವುದಿಲ್ಲ. "ದೇವ್ರು ಆನೆಗೆ ಅಂತ ಮಾಡಿದ್ ಕೊಳವೆನ ನಂಗೆ ಹಾಕ್ಬಿಟ್ಟಿದ್ದ" ಎನ್ನುವುದು ಅವನ ವಾದ.

ಮುಳುಗುವಾಗ ಅವನ ಸೊಂಟಕ್ಕೆ ಹಗ್ಗ ಕಟ್ಟಿರುತ್ತದೆ. ಅದರ ಇನ್ನೊಂದು ತುದಿ ದೋಣಿಯಲ್ಲಿ ಕೂತ ಹೆಂಡತಿ ತಿಮ್ಮಿಯ ಕೈಯಲ್ಲಿ. ಅವಳು ಎರಡು ಸಲ ಜಗ್ಗಿದರೆ ಮೇಲೆ ಬರಬೇಕು, ಜಗ್ಗದೆ ಬರುವಂತಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಬೊಮ್ಮ ಅವಳ ಮಾತು ಕೇಳಿದ್ದೆಂದರೆ ಅದೊಂದೇ.

ಈ ಸಲ ಮಳೆಗಾಲ ಮುಗಿದರೂ ಅವನ ಕೆಮ್ಮು ಬಿಡಲಿಲ್ಲ. ಭಟ್ಕಳದ ಡಾಕ್ಟರು ಎದೆಯ ಸಿಟಿ ಸ್ಕ್ಯಾನ್‌ಗೆ ಚೀಟಿ ಬರೆದರು. ತಿಮ್ಮಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: "ಸ್ಕ್ಯಾನ್ ಆಗ್ಲಿ. ಆಮೇಲೂ ನಾನ್ ಹೂಂ ಅಂದ್ರೆ ಮಾತ್ರ ನೀರಿಗೆ ಇಳಿಯುದು. ಇಲ್ದಿದ್ರೆ ಇನ್ ಮುಳುಗುದು ಬಂದ್." ಹೂಂ ಅನ್ನುವ ಮನಸ್ಸು ಅವಳಿಗಿರಲಿಲ್ಲ. ಅದು ಬೊಮ್ಮನಿಗೂ ಗೊತ್ತಿತ್ತು. 

ಕುಮಟೆಯ ಸ್ಕ್ಯಾನ್ ಸೆಂಟರಿನಲ್ಲಿ ಡಾಕ್ಟರ್ ವಿನುತಾ ಒಂದು ಒಪ್ಪಿಗೆ ಕಾಗದ ಮುಂದಿಟ್ಟರು. ಈ ಕಡೆಯ ವಯಸ್ಕರ ಶ್ವಾಸನಾಳ ಎಷ್ಟು ಅಗಲ ಇರುತ್ತದೆ ಎಂದು ಸ್ಕ್ಯಾನ್ ಚಿತ್ರಗಳಲ್ಲಿ ಅಳೆದು ಬರೆದಿಡುತ್ತಿದ್ದರಂತೆ. "ನಿಮ್ಮದನ್ನೂ ಸೇರಿಸಲಾ, ಬೊಮ್ಮಣ್ಣ?"

ಬೊಮ್ಮ ಹಿರಿಹಿರಿ ಹಿಗ್ಗಿದ. "ಸೇರ್ಸಿ. ಆದ್ರೆ ನಿಮ್ ಸ್ಕೇಲ್ ಸಾಕಾಗುದ್ ಡೌಟು" ಎಂದು ಕಾಗದದ ತುಂಬ ಸಹಿ ಹಾಕಿದ.

ಟೆಕ್ನೀಷಿಯನ್ ಭಾಸ್ಕರ ಅವನನ್ನು ಯಂತ್ರದೊಳಗೆ ಮಲಗಿಸಿದ. "ದೀರ್ಘ ಉಸಿರು ಎಳ್ಕೊಂಡು ಹಿಡೀರಿ" ಎಂದು ಮೈಕಿನಲ್ಲಿ ಹೇಳಿದ. ಬೊಮ್ಮ ಹಿಡಿದ. ಯಂತ್ರ ಗರಗರ ತಿರುಗಿ ನಿಂತಿತು. "ಆತು, ಉಸಿರು ಬಿಡಿ" ಎಂದ ಭಾಸ್ಕರ. ಬೊಮ್ಮ ಬಿಡಲಿಲ್ಲ. ಬಿಡು ಎಂದು ಹೇಳಲು ಇವನ್ಯಾರು? ಹಗ್ಗ ಜಗ್ಗಿಲ್ಲವಲ್ಲ!

ಭಾಸ್ಕರ ಮತ್ತೆ ಕೂಗಿದ, ಆಮೇಲೆ ಒಳಗೇ ಓಡಿ ಬಂದ. ಬೊಮ್ಮ ಕಣ್ಣು ಮುಚ್ಚಿ ಮುಗುಳ್ನಗುತ್ತ, ತಡಿ ಎಂದು ಬೆರಳು ತೋರಿಸಿದ. ಹುಡುಗ ಹೆದರಿ ಡಾಕ್ಟರನ್ನು ಕರೆದ. ಗಲಾಟೆ ಕೇಳಿ ಹೊರಗಿದ್ದ ತಿಮ್ಮಿಯೂ ನುಗ್ಗಿದಳು. ಒಂದು ನೋಟಕ್ಕೇ ಅವಳಿಗೆ ಅರ್ಥವಾಯಿತು. ಗಂಡನ ಸೊಂಟದ ಪಂಚೆ ಹಿಡಿದು ಎರಡು ಸಲ ಜಗ್ಗಿದಳು.

ಬುಸ್ಸೆಂದು ಉಸಿರು ಹೊರಬಂತು. "ಎಂತಾ ಆತು?" ಎಂದು ಬೊಮ್ಮ ಎದ್ದು ಕೂತ.

"ಒಂದೂಮುಕ್ಕಾಲು ನಿಮಿಷ!" ಎಂದ ಭಾಸ್ಕರ, ಬೆವರು ಒರೆಸಿಕೊಳ್ಳುತ್ತ.

ಅರ್ಧ ಗಂಟೆ ಬಿಟ್ಟು ವಿನುತಾ ಹೊರಗೆ ಬಂದರು. "ಹೆದರುವಂಥದ್ದು ಏನಿಲ್ಲ. ಕೊಳವೆ ಹದಿನೆಂಟು ಮಿಲಿಮೀಟರ್. ಎಲ್ಲರಿಗೂ ಇದ್ದ ಹಾಗೇ ಇದೆ."

ಎಲ್ಲರಿಗೂ ಇದ್ದ ಹಾಗೆ! ಕಾಯಿಲೆ ಇದೆ ಎಂದಿದ್ದರೂ ಬೊಮ್ಮನಿಗೆ ಇಷ್ಟು ನೋಯುತ್ತಿರಲಿಲ್ಲ. "ಹಂಗಾರೆ ದೊಡ್ಡದ್ ಯಾರದ್ದು?"

"ಹೆಸರು ಹೇಳೋ ಹಾಗಿಲ್ಲ. ಸಂತೆಗುಳಿ ಕಡೆಯ ಅಡಿಕೆ ವ್ಯಾಪಾರಿ ಒಬ್ಬರದು. ಇಪ್ಪತ್ನಾಲ್ಕು. ಅವರಿಗೆ ಬಾವಿ ಇಣುಕಿದರೂ ತಲೆ ತಿರುಗುತ್ತದಂತೆ."

ಬೊಮ್ಮ ಸೆಗಣಿ ಮೆಟ್ಟಿದವನ ಮುಖ ಮಾಡಿ ಕೂತ. ತಿಮ್ಮಿಗೆ ಅದನ್ನು ಸಹಿಸಲಾಗಲಿಲ್ಲ. "ಇಪ್ಪತ್ನಾಲ್ಕು ಕಟ್ಕಂಡು ಎಂತ ಮಾಡುದು, ಡಾಕ್ಟ್ರಮ್ಮ? ನಮ್ಮೋರು ಹದಿನೆಂಟ್ರಲ್ಲೇ ಸಮುದ್ರದ ಬುಡ ಮುಟ್ಟಿ ಬತ್ರು! ಅವ್ರಂಗೆ ಮುಳುಗುವರು ಮೂರು ತಾಲೂಕಲ್ಲಿ ಯಾರಿದ್ರು?" ಕಾಯುತ್ತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು.

"ಹಾಗಾದರೆ ಮುಳುಗಲಿ, ಅಲ್ಲವಾ?" ಎಂದರು ವಿನುತಾ. "ಕೆಮ್ಮು ಬೀಡಿಯದ್ದು. ಅದನ್ನು ಬಿಟ್ಟರೆ ಸಾಕು."

ತಿಮ್ಮಿ ನಾಲಿಗೆ ಕಚ್ಚಿಕೊಂಡಳು. ಇಷ್ಟು ಜನರ ಎದುರು ಹೊಗಳಿಯಾಗಿದೆ, ಈಗ ಬೇಡ ಎನ್ನುವುದು ಹೇಗೆ? "ಹೂಂ" ಎಂದಳು, ಸಣ್ಣ ದನಿಯಲ್ಲಿ. ಬೊಮ್ಮನ ಕಣ್ಣಲ್ಲಿ ನೀರು ಬಂತು. ಅವಳು ಹೂಂ ಅಂದದ್ದಕ್ಕಿಂತ, ತನ್ನನ್ನು ಹೊಗಳಿದ್ದಕ್ಕೆ.

ಅವನು ಸೊಂಟದಿಂದ ಬೀಡಿ ಕಟ್ಟು ತೆಗೆದು ಡಾಕ್ಟರ ಕೈಗಿಟ್ಟ.

"ಇದನ್ನ ಆ ಸಂತೆಗುಳಿಯೋರಿಗೆ ಕೊಡಿ. ಅವ್ರ ಕೊಳವೆಲಿ ಜಾಗ ಬೇಕಾದಷ್ಟು ಉಂಟಲ್ಲ."