ಜೀವಕೋಶದಲ್ಲಿ ಮೀನು ಕೊಯ್ದದ್ದು

ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ಕುಂದಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ಬ್ರಹ್ಮಾವರದ ಮನೆಗೆ ಮರಳುವ ನಾನು, ದಿನಾ ಒಂದಷ್ಟು ಹೊತ್ತು ಬಸ್ಸಿನಲ್ಲಿ ಧೂಳು ಕುಡಿಯುತ್ತ ಸಮಾಧಿಸ್ಥನಾಗಿರುತ್ತಿದ್ದೆ. ಆ ಸಂಜೆ ಕೋಟದ ಹತ್ತಿರ ಬಸ್ಸು ನಿಂತೇ ಬಿಟ್ಟಿತು. ಕಿಟಕಿಯ ಬದಿಗೆ ನಾನು. ಪಕ್ಕದಲ್ಲಿ, ಮೀನು ಮಾರಿ ಸಾಲಿಗ್ರಾಮಕ್ಕೆ ಹೊರಟಿದ್ದ ಹೆಂಗಸು. ಇಬ್ಬರ ಕಾಲಿಗೂ ಅಡ್ಡವಾಗಿ ಆಕೆಯ ಬುಟ್ಟಿ. ನನ್ನ ಮಡಿಲಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು. ಅದರಲ್ಲಿ ಆಕೆಯ ಮಗಳದ್ದೂ ಇತ್ತು. ನಾನು ಮಗಳ ಕಾಲೇಜಿನ ಮೇಷ್ಟ್ರೆಂದು ಆಕೆಗೆ ಗೊತ್ತು, ಯಾವ ಪಾಠದವನೆಂದು ಗೊತ್ತಿಲ್ಲ.

"ಹ್ವಾಯ್ ಮಾಷ್ಟ್ರೆ, ನಮ್ ಹೆಣ್ಣ್ ಪಾಸಾಯ್ತಾ?"

"ನೋಡಿ ಮುಗಿಲಿಲ್ಲೆ ಅಕ್ಕ. ಕಾಂಬ."

"ಎಂತ ಕಾಂಬುದ್? ಫೇಲಾರೆ ಸಯನ್ಸ್ ಬಿಡ್ಸಿ ಬುಟ್ಟಿ ಹೊರ್ಸ್ತೆ. ಹೆಣ್ಣಿಗೂ ಹೇಳಿದ್ದೆ."

ನೋಡಿ ಮುಗಿದಿತ್ತು. ಪಾಸಾಗಲು ಹುಡುಗಿಗೆ ಎರಡು ಅಂಕ ಕಡಿಮೆ. ಮೂರು ಅಂಕದ ಒಂದು ಉತ್ತರಕ್ಕೆ ಮಾತ್ರ ಸೊನ್ನೆಯನ್ನೂ ಹಾಕದೆ, ಅಂಕವನ್ನೂ ಕೊಡದೆ ಬಿಟ್ಟಿದ್ದೆ. ತಪ್ಪು ಅವಳದ್ದಲ್ಲ, ನನ್ನದು.

ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಎಂಬ ಮೂಲಪ್ರತಿ ಇರುತ್ತದೆ. ಅದು ಹೊಸಿಲು ದಾಟುವುದಿಲ್ಲ. ಬೇಕಾದಷ್ಟು ಭಾಗದ ನಕಲು ತೆಗೆಯಲಾಗುತ್ತದೆ, ಅದೇ ಆರ್‌ಎನ್‌ಎ. ಆ ನಕಲಿನ ನಡುನಡುವೆ ಪ್ರೋಟೀನಿಗೆ ಬೇಡದ ತುಂಡುಗಳು. ಅವನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿ, ತಲೆಗೊಂದು ಟೊಪ್ಪಿ, ಹಿಂದೊಂದು ಉದ್ದ ಬಾಲ ಇಟ್ಟರೆ ಹೊರಗೆ ಹೋಗಲು ರಹದಾರಿ ಸಿಕ್ಕಿತು. ಪ್ರೋಟೀನು ತಯಾರಿಸುವ ಯಂತ್ರ ಟೊಪ್ಪಿ ನೋಡಿಯೇ ಕೈಗೆತ್ತಿಕೊಳ್ಳುವುದು. ಬಾಲ ಸವೆದರೆ ಸಂದೇಶವೇ ನಾಶ. ಯಾವ ಪ್ರೋಟೀನು ಎಷ್ಟು ಆಗಬೇಕೆಂಬುದು ಈ ದಾರಿಯಲ್ಲೇ ಸಾಕಷ್ಟು ತೀರ್ಮಾನವಾಗಿಬಿಡುತ್ತದೆ.

ಇದನ್ನು ಕಡಲ ಬದಿಯ ಮಕ್ಕಳಿಗೆ ಹತ್ತಿರ ಮಾಡೋಣವೆಂದು, ಮೀನು ಮುಟ್ಟದ ಮನೆಯಲ್ಲಿ ಹುಟ್ಟಿದ ನಾನು ಅಪ್ಪಣೆ ಕೊಡಿಸಿದ್ದೆ: "ಮೀನು ಕೊಯ್ದ ಹಾಗೆ! ತಲೆ, ಬಾಲ ಎಸೆದು ಒಳ್ಳೆಯದನ್ನು ಮಾತ್ರ ಇಟ್ಟುಕೊಳ್ಳುವುದು." ಟೊಪ್ಪಿ, ಬಾಲದ ಪಾಠವನ್ನೂ ಆಮೇಲೆ ವಿಧಿವತ್ತಾಗಿ ಮಾಡಿದೆ. ಮಕ್ಕಳ ತಲೆಯಲ್ಲಿ ಉಳಿದದ್ದು ಮೀನು. ಹೆಚ್ಚಿನವರಂತೆ ಈ ಹುಡುಗಿಯೂ, 'ಆರ್‌ಎನ್‌ಎಯ ತಲೆ ಮತ್ತು ಬಾಲವನ್ನು ಕತ್ತರಿಸಿ ಎಸೆಯಲಾಗುತ್ತದೆ' ಎಂದು ದುಂಡಗೆ ಬರೆದಿದ್ದಳು. ಅಂಕ ಕೊಟ್ಟರೆ ಶಾಸ್ತ್ರಕ್ಕೆ ದ್ರೋಹ. ಕೊಡದಿದ್ದರೆ ನನ್ನನ್ನು ನಂಬಿದವಳಿಗೆ.

ಬಸ್ಸು ಅಲುಗಲಿಲ್ಲ. ತಡೆಯಲಾರದೆ ಕೇಳಿದೆ: "ಅಕ್ಕ, ಮೀನಿನ್ ತಲೆ ಬಾಲ ಎಸೀತ್ರಾ?"

ಆಕೆ ಉಳಿದಿದ್ದ ಬಂಗುಡೆಯೊಂದನ್ನು ಎತ್ತಿ, ಅದರ ಕಿವಿರು ಬಿಡಿಸಿ, ನನ್ನ ಮೂಗಿನ ಮುಂದೆ ಹಿಡಿದಳು. "ತಲಿ ಇಲ್ದಿರೆ ಯಾರ್ ತಕಂತ್ರ್? ಇಲ್ಲಿ ಕೆಂಪಿತ್ತಾ, ತಾಜಾ ಹೌದಾ ಕಂಡೇ ರೇಟ್ ಕೇಂಬುದ್. ತೆಗುದ್ ಕರ್ಳ್, ಹೊಟ್ಟಿ ಒಳ್ಗಿನದ್. ಮೊನ್ನೆ ನಮ್ ಹೆಣ್ಣೂ 'ತಲಿ ಬಾಲ ಎಸುಕ್' ಅಂತ ವಾದ ಮಾಡ್ತ್. ಹುಟ್ಟಿದ್ ಲಾಗಾಯ್ತ್ ಮೀನ್ ಕಂಡದ್ದ್! 'ಅಮ್ಮ, ನಿಂಗ್ ಗೊತ್ತಿಲ್ಲೆ, ಕಾಲೇಜಗೆ ಹೇಳಿರ್' ಅಂತ್. ಯಾರ್ ಮರ್ರೆ, ಆ ಪುಣ್ಯಾತ್ಮ?"

ಓಡಲು ಬುಟ್ಟಿ ಅಡ್ಡ. ಬುಟ್ಟಿ ದಾಟಿದರೆ ಬಾಗಿಲವರೆಗೂ ಜನ.

"ನಾನೇ," ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮೀನ್ ತಿಂತ್ರ್ಯಾ?"

"ಇಲ್ಲೆ."

"ಹಂಗಾರೆ ಬದ್ನಿಕಾಯಿ ಕೊಯ್ಕಂಡ್ ಇಪ್ಪುಕಾಗ್ದಾ!"

ಮುಂದಿನ ಸೀಟಿನವರೂ ನಕ್ಕರು. ಸಾಲಿಗ್ರಾಮದವರೆಗೆ ನಾನು ಕಿಟಕಿಯ ಸರಳುಗಳನ್ನು ಅಧ್ಯಯನ ಮಾಡಿದೆ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ನಾನೇ ಕರಿಹಲಗೆಯ ಮೇಲೆ ಬರೆದು ಹೊಡೆದು ಹಾಕಿದೆ. ಪಾಠ ಮತ್ತೊಮ್ಮೆ ಮಾಡಿ, ಆ ಪ್ರಶ್ನೆಯೊಂದನ್ನು ಎಲ್ಲರಿಗೂ ಹೊಸದಾಗಿ ಕೊಟ್ಟೆ. ಹುಡುಗಿ ನಡುವಿನ ತುಂಡುಗಳನ್ನು ಸರಿಯಾಗಿ ಕತ್ತರಿಸಿದಳು, ಟೊಪ್ಪಿ ತೊಡಿಸಿದಳು, ಬಾಲ ಜೋಡಿಸಿದಳು. ಕೊನೆಗೆ, ಕೇಳದಿದ್ದರೂ ಒಂದು ಸಾಲು: 'ಇವೆರಡೂ ಹುಟ್ಟಿನಿಂದ ಬಂದವುಗಳಲ್ಲ, ಬೇರೆಯಾಗಿ ಸೇರಿಸಿದವು. ಮೀನಿನ ಹಾಗೆ ಅಲ್ಲ.'

ಕೊನೆಯ ಮೂರು ಪದಗಳ ಕೆಳಗೆ ಎರಡು ಗೆರೆ ಎಳೆದಿದ್ದಳು. ಮೂರಕ್ಕೆ ಮೂರು ಕೊಟ್ಟೆ.