ಬಂಡೆಯವರೆಗೆ ಒಂದೇ ಮಟ್ಟ

ತೊಣ್ಣೂರಿನ ನಮ್ಮ ಚಿಕ್ಕಸ್ವಾಮಿ ಮಾವನಿಗೆ ಹಸು ಸಾಕುವುದು ಗೊತ್ತು, ಕಬ್ಬು ಬೆಳೆಯುವುದು ಗೊತ್ತು. ಯಾರಾದರೂ ಒಂದು ಮಾತು ಅಂದರೆ ಅದನ್ನು ಅಲ್ಲೇ ಕೊಡವಿ ಬರುವುದು ಮಾತ್ರ ಗೊತ್ತಿಲ್ಲ. ಆ ಒಂದು ಗುಣ ನಮ್ಮತ್ತೆಯ ಹಿತ್ತಿಲನ್ನು ನುಂಗಿತು.

ಅತ್ತೆ ಪುಟ್ಟತಾಯಮ್ಮನಿಗೆ ಮಂಡಿ ಸವೆದುಹೋಗಿತ್ತು. ಹೊಸ ಮನೆ ಕಟ್ಟುವ ಮಾತು ಬಂದಾಗ ಅವರು ಕೇಳಿದ್ದು ಒಂದೇ.

"ಮಾಳಿಗೆ ಗೀಳಿಗೆ ಬ್ಯಾಡ. ಅಡ್ಗೆಮನೆಯಿಂದ ಬಂಡೆಗಂಟ ಕಾಲೆತ್ತದೆ ಓಗಂಗೆ ಮಾಡ್ಸುಬುಡಿ, ಸಾಕು."

ಬಂಡೆ ಎಂದರೆ ಹಿತ್ತಿಲಲ್ಲಿ ಬೆನ್ನು ಮಾತ್ರ ತೋರಿಸಿಕೊಂಡು ಮಲಗಿರುವ ಅಗಲವಾದ ಕಲ್ಲು. ಬೆಳಗಿನ ಬಿಸಿಲು ಮೊದಲು ಬೀಳುವುದು ಅಲ್ಲಿಗೆ. ಅತ್ತೆ ರಾಗಿ ಒಣಹಾಕುವುದು, ಅವರೆ ಸುಲಿಯುವುದು, ಪಕ್ಕದವರ ಜೊತೆ ಹರಟುವುದು ಎಲ್ಲ ಅದರ ಮೇಲೆಯೇ.

ಮಾವ ತಾವೇ ಸುಣ್ಣದ ಪುಡಿ ಚೆಲ್ಲಿ ಮನೆಯ ಗುರುತು ಹಾಕಿದರು. ಹೊಂಗೆ ಮರ ಉಳಿಯಲೆಂದು ಗೋಡೆಯನ್ನು ಹಿಂದಕ್ಕೆ ಸರಿಸಿದರು. ಅಡುಗೆಮನೆಯ ಕಿಟಕಿ ಕೆರೆಯ ಕಡೆಗೆ, ಹಿಂಬಾಗಿಲ ಹೊಸ್ತಿಲು ನೆಲಕ್ಕೆ ಸಮ ಎಂದು ಮೇಸ್ತ್ರಿಗೆ ಹೇಳಿದರು. ಆ ಬಿಳಿ ಗೆರೆಗಳ ನಡುವೆ ಅತ್ತೆ ಕೋಲೂರಿಕೊಂಡು ಬಂಡೆಯವರೆಗೆ ನಡೆದು ನೋಡಿ ನಕ್ಕರು. ಅಷ್ಟು ಖುಷಿಯಾಗಿ ಅವರು ನಕ್ಕಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ಅಷ್ಟರಲ್ಲಿ ಪಕ್ಕದ ಜಾಗದಲ್ಲಿ ದಾಯಾದಿ ಕೆಂಪಣ್ಣನ ಮನೆಯ ಪಾಯ ಎದ್ದಿತು, ಎದೆಮಟ್ಟ. ದಾಯಾದಿ ಮನೆಗಿಂತ ನಿನ್ನ ಮನೆ ತಗ್ಗಾದರೆ ಏಳಿಗೆ ಎಲ್ಲಿಂದ ಬರುತ್ತದೆ ಎಂದು ಟೀ ಅಂಗಡಿಯಲ್ಲಿ ಯಾರೋ ಕಡ್ಡಿ ಆಡಿಸಿದರು. ನಮ್ಮ ಕಡೆ ಈ ಮಾತಿಗೆ ಅಲ್ಲಾಡದ ಗಂಡಸಿಲ್ಲ. ಮಾವ ಟ್ರಾಕ್ಟರಿನಲ್ಲಿ ಮಣ್ಣು ಹೊಡೆಸಿ, ಕೆಂಪಣ್ಣನದಕ್ಕಿಂತ ಒಂದು ಗೇಣು ಮೇಲಕ್ಕೆ ಪಾಯ ಏರಿಸಿದರು. ಬಂಡೆಗೆ ಹೋಗುವುದು ಹೇಗೆ ಎಂದು ಅತ್ತೆ ಕೇಳಿದ್ದಕ್ಕೆ, ಮೆಟ್ಟಿಲು ಇಟ್ಟರಾಯಿತು ಎಂದುಬಿಟ್ಟರು.

ಒಳಗೆ ಮನೆ ಒಂದೇ ಮಟ್ಟ. ಹಿಂಬಾಗಿಲು ದಾಟಿದರೆ ಕಡಿದಾದ ಮೆಟ್ಟಿಲು. ಗೃಹಪ್ರವೇಶದ ದಿನ ಇಬ್ಬರು ಹಿಡಿದು ಅತ್ತೆಯನ್ನು ಹತ್ತಿಸಿದರು. ಮತ್ತೆ ಅವರು ಹಿತ್ತಿಲಿಗೆ ಇಳಿಯಲಿಲ್ಲ. ಮಾವ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿದರು. ಜಾಗ ಸಾಲದೆ ಅದೂ ಕಡಿದಾಯಿತು, ಅತ್ತೆ ಒಂದು ಹೆಜ್ಜೆ ಇಟ್ಟು ಹೆದರಿ ಒಳಗೆ ಬಂದರು. ಮಾವನನ್ನು ನೋಡಿ ಅಯ್ಯೋ ಪಾಪ ಎನ್ನಲು ನನಗೆ ಮನಸ್ಸಾಗಲಿಲ್ಲ, ಬೈಯಲೂ ಬಾಯಿ ಬರಲಿಲ್ಲ.

ಈ ಸಲ ಅವರೆ ಕಾಲದಲ್ಲಿ ಕೆಂಪಣ್ಣ ತನ್ನ ಹೊಲದ ಸೊಗಡವರೆ ಕೊಡಲು ಬಂದ. ಮಾವ ತಡೆಯಲಾರದೆ, ನೀನು ಅಷ್ಟೆತ್ತರ ಕಟ್ಟಿದ್ದಕ್ಕೆ ನಾನೂ ಕಟ್ಟಬೇಕಾಯಿತು ಎಂದರು. ಕೆಂಪಣ್ಣ ಬೆರಗಾಗಿ ನೋಡಿದ.

"ನಮ್ದು ತಗ್ಗು, ಮಳೆನೀರು ನಿಲ್ತಿತ್ತು, ಅದ್ಕೆ ಏರುಸ್ದೆ. ನಿಂದು ದಿಬ್ಬ. ನಿಂಗ್ಯಾಕ್ಲಾ ಬೇಕಿತ್ತು?"

ಮಾವ ಅವರೆ ತೆಗೆದುಕೊಂಡು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ನಾನು ಹೋದಾಗ ಅತ್ತೆ ಹಿಂಬಾಗಿಲಲ್ಲಿ ಕೂತು ಆ ಅವರೆಯನ್ನೇ ಸುಲಿಯುತ್ತಿದ್ದರು. ಮಾವ ಕೆಳಗೆ ಬಂಡೆಯ ಮೇಲೆ ಒಬ್ಬರೇ ಕೂತಿದ್ದರು.

"ಬಂಡೆ ಕಾದೈತಾ?" ಎಂದು ಅತ್ತೆ ಮೇಲಿನಿಂದ ಕೇಳಿದರು.

ಮಾವ ಕಲ್ಲಿನ ಮೇಲೆ ಅಂಗೈ ಊರಿದರು.

"ಇಲ್ಲ ಕಣಮ್ಮಿ, ಇನ್ನೂ ತಣ್ಣುಗೈತೆ."

ಅಲ್ಲಿ ಬಿಸಿಲು ಬಿದ್ದು ಆಗಲೇ ಬಹಳ ಹೊತ್ತಾಗಿತ್ತು.